ಟೇಬಲ್ ಸೀಳಿತು, ಡ್ರಾಯರ್ ಬಿಗಿಯಿತು, ಪಾಲಿಶ್ ಬೆಳ್ಳಗಾಯಿತು: ಮಲೆನಾಡಿನ ಮನೆಗಳ ಮರದ ಸಾಮಾನಿಗೆ ದೋಷ ನಿವಾರಣೆ ಕೈಪಿಡಿ

ಶಿವರಾತ್ರಿ ಕಳೆದ ಮೇಲೆ ನನಗೆ ಬರುವ ಫೋನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ತರ. "ಟೇಬಲ್ ಸೀಳಿದೆ ಮಾರಾಯ್ರೇ, ನೀವು ಹಾಕಿದ್ದು ಒಳ್ಳೆ ಮರ ಅಲ್ವಾ?" ಆರಿದ್ರಾ ಮಳೆ ಹಿಡಿದ ಮೇಲೆ ಬರುವ ಫೋನ್‌ಗಳೇ ಬೇರೆ. "ಬೀರು ಬಾಗಿಲು ಹಾಕೋಕೆ ಆಗ್ತಿಲ್ಲ, ಡ್ರಾಯರ್ ಎಳೆದರೆ ಹಿಡಿ ಕೈಗೇ ಬರುತ್ತೆ." ಇಬ್ಬರಿಗೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಯಾವ ತಿಂಗಳಲ್ಲಿ ಶುರುವಾಯ್ತು?

ಚಿಕ್ಕಮಗಳೂರಲ್ಲಿ ಮರಗೆಲಸದ ಶೆಡ್ ಇಟ್ಟುಕೊಂಡಿರುವ ನನಗೆ ಈ ಪ್ರಶ್ನೆಯ ಬೆಲೆ ತಡವಾಗಿ ಗೊತ್ತಾಯಿತು. ಬಿರುಕಿನ ಫೋಟೋ ನೋಡಿದರೆ ಅದು ಎಲ್ಲಿದೆ ಅಂತ ತಿಳಿಯುತ್ತದೆ, ಅಷ್ಟೇ. ತಿಂಗಳು ಹೇಳಿದರೆ ಮರ ನೀರು ಕುಡಿಯುತ್ತಿತ್ತೋ ನೀರು ಬಿಡುತ್ತಿತ್ತೋ ಅಂತ ಗೊತ್ತಾಗುತ್ತದೆ, ಅಲ್ಲಿಂದ ಮುಂದೆ ಅರ್ಧ ಕೆಲಸ ಸಲೀಸು.

ಮರ ಕಡಿದು ನೂರು ವರ್ಷ ಆದರೂ ಗಾಳಿಯ ತೇವ ಎಳೆದುಕೊಳ್ಳುವುದನ್ನು ಬಿಡುವುದಿಲ್ಲ. "ಅಜ್ಜನ ಕಾಲದ ತೊಲೆ, ಇದು ಅಲ್ಲಾಡೋದಿಲ್ಲ" ಅನ್ನುವ ಮಾತು ತುಂಬಾ ಕೇಳಿದ್ದೇನೆ. ಅದೂ ಉಬ್ಬುತ್ತದೆ, ಕುಗ್ಗುತ್ತದೆ. ಉದ್ದಕ್ಕೆ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಅಗಲಕ್ಕೆ ಜಾಸ್ತಿ. ಅಗಲದಲ್ಲೂ ಎರಡು ಬಗೆ ಇದೆ. ಹಲಗೆಯ ತುದಿ ನೋಡಿ, ವರ್ಷದ ಉಂಗುರಗಳು ಹಲಗೆಯ ಮೇಲ್ಮೈಗೆ ಸಮವಾಗಿ ಮಲಗಿದ್ದರೆ ಅದರ ಚಲನೆ ಜಾಸ್ತಿ, ಉಂಗುರಗಳು ನೆಟ್ಟಗೆ ನಿಂತಿದ್ದರೆ ಸುಮಾರು ಅರ್ಧ. ತೇಗದ ಮಲಗಿದ ಉಂಗುರದ ಹಲಗೆಗೆ ನಾನು ಇಟ್ಟುಕೊಂಡಿರುವ ಲೆಕ್ಕ ಇದು: ಒಂದು ಅಡಿ ಅಗಲಕ್ಕೆ, ತೇವಾಂಶ ಶೇಕಡ 1 ಬದಲಾದರೆ, ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ನೋಡೋಕೆ ಏನೂ ಅಲ್ಲ ಅನ್ನಿಸುತ್ತದೆ. ಮುಂದೆ ಗುಣಿಸಿ ನೋಡೋಣ.

ಚಿಕ್ಕಮಗಳೂರು, ಹಾಸನ, ನಮ್ಮ ಈ ಎರಡು ಜಿಲ್ಲೆಗಳ ತೊಂದರೆಯೇ ಇಲ್ಲಿದೆ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಆ ಕಡೆ ಸಕಲೇಶಪುರ, ಇಲ್ಲೆಲ್ಲ ಜುಲೈಯಲ್ಲಿ ಬಟ್ಟೆ ವಾರವಾದರೂ ಒಣಗುವುದಿಲ್ಲ. ಘಾಟಿ ಬೆನ್ನಿಗೆ ಬಿಟ್ಟು ಪೂರ್ವಕ್ಕೆ ಒಂದೆರಡು ಗಂಟೆ ಬಂದರೆ ಕಡೂರು, ಅರಸೀಕೆರೆ, ಒಣ ಬಯಲು. ಮರ ಕೊಯ್ಯುವ ಜಾಗ ಒಂದು, ಕೆಲಸ ಮಾಡುವ ಜಾಗ ಇನ್ನೊಂದು, ಟೇಬಲ್ ಹೋಗಿ ಕೂರುವ ಮನೆ ಮೂರನೆಯದು. ಮೂರಕ್ಕೂ ಗಾಳಿ ಬೇರೆ.

ಸೀಳಿದ ಹಲಗೆ

ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕಂದರೆ ಹತ್ತರಲ್ಲಿ ಐದಾರು ದೂರು ಇದೇ, ಮತ್ತು ಇದನ್ನು ನಾನೇ ಮಾಡಿ ಕಲಿತದ್ದು.

ಕೆಲವು ವರ್ಷದ ಹಿಂದೆ ಕಡೂರಿನ ಒಂದು ಮನೆಗೆ ಊಟದ ಟೇಬಲ್ ಮಾಡಿಕೊಟ್ಟೆ. ತೇಗ, ಮೂರು ಅಡಿ ಅಗಲ. ಹಲಗೆ ಜೋಡಿಸಿದ್ದು ಆಗಸ್ಟ್‌ನಲ್ಲಿ, ಇಲ್ಲಿ ನಮ್ಮ ಶೆಡ್‌ನಲ್ಲಿ, ಹೊರಗೆ ಮಳೆ ಸುರಿಯುತ್ತಿರುವಾಗ. ಕೆಳಗಿನ ಚೌಕಟ್ಟಿಗೆ ಎರಡೂ ಬದಿಯಿಂದ ಸ್ಕ್ರೂ ಹಾಕಿ ಗಟ್ಟಿ ಮಾಡಿದೆ. ಮಾರ್ಚ್‌ನಲ್ಲಿ ಆ ಮನೆಯ ಅಮ್ಮ ಫೋನ್ ಮಾಡಿದರು. "ಆಚಾರ್ರೇ, ರಾತ್ರಿ ಪಟಾಕಿ ಹೊಡೆದ ಹಾಗೆ ಸದ್ದು ಬಂತು. ಎದ್ದು ನೋಡಿದ್ರೆ ಟೇಬಲ್ ಬಾಯಿ ಬಿಟ್ಟಿದೆ." ಹೋಗಿ ನೋಡಿದೆ. ಒಂದು ತುದಿಯಿಂದ ಒಳಗೆ ಒಂದೂಕಾಲು ಅಡಿ ಬಿರುಕು, ತುದಿಯಲ್ಲಿ 5 ಮಿ.ಮೀ. ಅಗಲ.

ಆಗ ಮರದ ತೇವ ಅಳೆಯುವ ಮೀಟರ್ ಒಯ್ದಿದ್ದೆ. ಹಲಗೆ ಶೇಕಡ 9 ತೋರಿಸಿತು. ಆಗಸ್ಟ್‌ನಲ್ಲಿ ನನ್ನ ಶೆಡ್‌ನಲ್ಲಿ ಅದೇ ಮರ 17 ಇತ್ತು. ಎಂಟು ಅಂಕಿ ವ್ಯತ್ಯಾಸ, ಮೂರು ಅಡಿ ಅಗಲ. ಮೇಲಿನ ಲೆಕ್ಕಕ್ಕೆ ಹಾಕಿ, ಒಂದು ಸೆಂಟಿಮೀಟರ್ ಮೀರುತ್ತದೆ. ಹಲಗೆ ಅಷ್ಟು ಕುಗ್ಗಬೇಕು ಅಂತಿತ್ತು, ನನ್ನ ಸ್ಕ್ರೂಗಳು ಎರಡೂ ಕಡೆ ಹಿಡಿದು ನಿಂತಿದ್ದವು, ಮರಕ್ಕೆ ಬೇರೆ ದಾರಿ ಇರಲಿಲ್ಲ. ಮರ ಚೆನ್ನಾಗಿಯೇ ಇತ್ತು. ಕೆಲಸ ತಪ್ಪಿತ್ತು.

ಹಾಗಾಗಿ ಬಿರುಕು ಕಂಡ ಕೂಡಲೇ ಮೇಲಿಂದ ನೋಡಿ ತೀರ್ಮಾನ ಮಾಡಬೇಡಿ, ಟೇಬಲ್ ಕೆಳಗೆ ಟಾರ್ಚ್ ಹಿಡಿದು ಮಲಗಿ. ಹಲಗೆಗೆ ಅಡ್ಡಲಾಗಿ ಪಟ್ಟಿ ಹೊಡೆದು ಅಂಟು ಹಾಕಿದ್ದಾರಾ? ಚೌಕಟ್ಟಿಗೆ ಬಿಗಿದ ಸ್ಕ್ರೂ ದುಂಡು ತೂತಿನಲ್ಲಿದೆಯಾ, ಇಲ್ಲ ಉದ್ದ ಸೀಳು ತೂತಿನಲ್ಲಿದೆಯಾ? ಎರಡೂ ಕಡೆ ದುಂಡು ತೂತು, ಬಿರುಕು ಮಳೆ ಮುಗಿದ ಮೇಲೆ ಬಂದದ್ದು ಅಂದರೆ, ಕಟ್ಟಿಹಾಕಿದ್ದರಿಂದ ಸೀಳಿದೆ ಅಂತಲೇ ಇಟ್ಟುಕೊಳ್ಳಿ.

ಬಿರುಕು ಇರುವ ಜಾಗವೂ ಹೇಳುತ್ತದೆ. ಹಲಗೆಯ ತುದಿಯಲ್ಲಿ ಸಣ್ಣ ಸಣ್ಣ ಸೀಳುಗಳು ಹಲವು ಇದ್ದರೆ ಮರ ಒಣಗುವಾಗಲೇ ಬಂದದ್ದು, ತುದಿಯಿಂದ ನೀರು ಬೇಗ ಹೋಗುತ್ತದೆ, ಅದಕ್ಕೇ ಒಣಗಿಸುವಾಗ ತುದಿಗೆ ಪೇಂಟ್ ಬಳಿಯಬೇಕು. ಎರಡು ಹಲಗೆ ಸೇರಿದ ಗೆರೆಯಲ್ಲೇ ನೇರವಾಗಿ ಬಿಟ್ಟಿದ್ದರೆ ಅಂಟು ಸೋತಿದೆ. ಬಿಟ್ಟ ಅಂಚನ್ನು ನೋಡಿ, ಮರದ ನಾರು ಕಿತ್ತು ಬಂದಿಲ್ಲ, ಬರೀ ಅಂಟಿನ ಹೊಳಪು ಇದೆ ಅಂದರೆ ಅಂಟು ಮರಕ್ಕೆ ಹಿಡಿದೇ ಇರಲಿಲ್ಲ. ತೇಗ ಮತ್ತು ಬೀಟೆಯಲ್ಲಿ ಇದು ಸಾಮಾನ್ಯ, ಎರಡೂ ಎಣ್ಣೆ ಅಂಶದ ಮರ. ಅಂಟು ಹಾಕುವ ಮುಂಚೆ ಅಂಚನ್ನು ಅವತ್ತೇ ತೋಪಡ (ಮರ ಹೆರೆಯುವ ಸಾಧನ) ಹೊಡೆದು, ಅಸಿಟೋನ್ ಅಥವಾ ಥಿನ್ನರ್‌ನಲ್ಲಿ ಒರೆಸಿ, ಆರಿದ ಕೂಡಲೇ ಅಂಟಿಸಬೇಕು.

ಈಗ ರಿಪೇರಿ. ದಯವಿಟ್ಟು ಬೇಸಿಗೆಯಲ್ಲಿ ಬಿರುಕಿಗೆ ಪುಟ್ಟಿ ತುಂಬಬೇಡಿ. ಮಳೆಗಾಲಕ್ಕೆ ಹಲಗೆ ಉಬ್ಬುತ್ತದೆ, ಬಿರುಕು ಮುಚ್ಚಿಕೊಳ್ಳಲು ನೋಡುತ್ತದೆ, ನಡುವೆ ಕಲ್ಲಿನ ಹಾಗೆ ಪುಟ್ಟಿ ಕೂತಿರುತ್ತದೆ. ಆಗ ಪುಟ್ಟಿ ಹೊರಗೆ ತಳ್ಳಿಕೊಂಡು ಬರುತ್ತದೆ, ಇಲ್ಲ ಪಕ್ಕದಲ್ಲಿ ಹೊಸ ಬಿರುಕು. ಮೊದಲು ಸ್ಕ್ರೂಗಳನ್ನೆಲ್ಲ ಬಿಚ್ಚಿ. ಹಲಗೆಯನ್ನು ಹಾಗೇ ಚೌಕಟ್ಟಿನ ಮೇಲೆ ಒಂದೆರಡು ದಿನ ಬಿಡಿ. ಕಡೂರಿನ ಟೇಬಲ್‌ಗೆ ಸ್ಕ್ರೂ ಬಿಚ್ಚಿದ ರಾತ್ರಿ ಕಳೆದು ಬೆಳಿಗ್ಗೆ ನೋಡಿದರೆ ಬಿರುಕು ಅರ್ಧ ಕೂಡಿಕೊಂಡಿತ್ತು. ಉಳಿದದ್ದನ್ನು ಕ್ಲ್ಯಾಂಪ್ ಹಾಕಿ ನಿಧಾನ ಬಿಗಿದು ನೋಡಿ. ಪೂರ್ತಿ ಕೂಡಿದರೆ ಅಂಟು ಬಿಟ್ಟು ಬಿಗಿಯಬಹುದು. ಒತ್ತಾಯ ಮಾಡಿದರೂ ಕೂಡುವುದಿಲ್ಲ ಅಂದರೆ ಬಿಡಿ, ಬಿರುಕಿನ ಗೆರೆಯಲ್ಲೇ ಹಲಗೆಯನ್ನು ಉದ್ದಕ್ಕೆ ಕೊಯ್ದು ಎರಡು ಮಾಡಿ, ಅಂಚು ಹೊಡೆದು ಮತ್ತೆ ಜೋಡಿಸುವುದೇ ಸರಿ. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆದರೆ ಆ ಜೋಡಣೆ ಬಾಳುತ್ತದೆ.

ವಾಪಸ್ ಹಾಕುವಾಗ ನಡುವೆ ಒಂದು ಸ್ಕ್ರೂ ಗಟ್ಟಿ, ಬದಿಗಳಲ್ಲಿ ಹಲಗೆಯ ಅಗಲದ ದಿಕ್ಕಿಗೆ ಉದ್ದ ತೂತು ಕೊರೆದು ವಾಷರ್ ಜೊತೆ ಸ್ಕ್ರೂ. ಬಿಗಿ ಮಾಡಿ ಕಾಲು ಸುತ್ತು ಹಿಂದೆ ತಿರುಗಿಸಿ.

ಬಾಗಿದ ಹಲಗೆ

ಅಂಚು ಮೇಲೆದ್ದು ನಡುವೆ ತಗ್ಗಾಗಿದ್ದರೆ ಕೆಳಗಿನ ಮುಖಕ್ಕೆ ಕೈ ಆಡಿಸಿ. ಒರಟಾಗಿ, ಬರಿ ಮರ ಸಿಗುತ್ತದಾ? ಮೇಲೆ ನಾಲ್ಕು ಕೋಟ್ ಪಾಲಿಶ್, ಕೆಳಗೆ ಏನೂ ಇಲ್ಲ, ಮಳೆಗಾಲದಲ್ಲಿ ಕೆಳಮುಖ ಬೇಗ ತೇವ ಕುಡಿದು ಉಬ್ಬಿದೆ, ಮೇಲ್ಮುಖ ಹಾಗೇ ಇದೆ. ಬಾಗದೆ ಏನು ಮಾಡುತ್ತದೆ. ಕಿಟಕಿ ಬಿಸಿಲು ದಿನವೂ ಮೇಲ್ಮುಖಕ್ಕೆ ಬೀಳುತ್ತಿದ್ದರೂ ಇದೇ ಆಕಾರ ಬರುತ್ತದೆ, ಆಗ ಕಾಲ ಬೇಸಿಗೆ ಆಗಿರುತ್ತದೆ. ಇಲ್ಲೂ ತಿಂಗಳೇ ಕಾರಣ ಹೇಳುವುದು.

ನೇರ ಮಾಡಲು ಭಾರ ಹೇರಬೇಡಿ. ಹಲಗೆ ಬಿಚ್ಚಿ, ಎರಡೂ ಮುಖಕ್ಕೆ ಗಾಳಿ ಆಡುವ ಹಾಗೆ ಪಟ್ಟಿಗಳ ಮೇಲೆ ಇಟ್ಟು ಎರಡು ಮೂರು ವಾರ ಕಾಯಿರಿ. ಬಹಳಷ್ಟು ತಾನಾಗಿ ವಾಪಸ್ ಬರುತ್ತದೆ. ಆಮೇಲೆ ಮೇಲೆ ಎಷ್ಟು ಕೋಟ್ ಇದೆಯೋ ಕೆಳಗೂ ಅಷ್ಟೇ ಕೋಟ್. ಯಾವ ಪಾಲಿಶ್ ಆದರೂ ತೇವವನ್ನು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೇ. ಎರಡೂ ಮುಖಕ್ಕೆ ಒಂದೇ ವೇಗ ಇದ್ದರೆ ಹಲಗೆ ಚಪ್ಪಟೆಯಾಗಿಯೇ ಉಬ್ಬಿ ಕುಗ್ಗುತ್ತದೆ.

ಡ್ರಾಯರ್, ಬಾಗಿಲು ಬಿಗಿ

ಪುಷ್ಯ ಮಳೆಯಲ್ಲಿ ಬಿಗಿಯಾದ ಡ್ರಾಯರ್‌ಗೆ ಪುಷ್ಯ ಮಳೆಯಲ್ಲೇ ತೋಪಡ ಹೊಡೆಸಬೇಡಿ. ಹೊಡೆಸಿದರೆ ಫೆಬ್ರವರಿಯಲ್ಲಿ ಸಂದಿಯಲ್ಲಿ ಜಿರಳೆ ಓಡಾಡುತ್ತದೆ. ಉಜ್ಜುವ ಜಾಗಕ್ಕೆ ಮೇಣದ ಬತ್ತಿ ತಿಕ್ಕಿ, ಒಳಗಿನ ಸಾಮಾನು ಕಡಿಮೆ ಮಾಡಿ, ದಿನ ದೂಡಿ. ದೀಪಾವಳಿ ಕಳೆದರೂ ಬಿಗಿ ಇದ್ದರೆ ಆಗ ಹೊಡೆಸಿ. ಹೊಸದಾಗಿ ಮಾಡಿಸುವವರು ಬಡಗಿಗೆ ಹೇಳಿ: ಬೇಸಿಗೆಯಲ್ಲಿ ಮಾಡುವುದಾದರೆ 8 ಇಂಚು ಎತ್ತರದ ತೇಗದ ಡ್ರಾಯರ್‌ಗೆ 2 ರಿಂದ 3 ಮಿ.ಮೀ. ಸಂದಿ ಬಿಡಿ, ಮಳೆಗಾಲದಲ್ಲಿ ಮಾಡುವುದಾದರೆ ಒಂದು ಸಾಕು.

ಪಾಲಿಶ್ ಕೆಟ್ಟಿದ್ದರೆ ಮೊದಲು ಯಾವ ಪಾಲಿಶ್ ಅಂತ ಗುರುತಿಸಿ

ಇದನ್ನು ಮಾಡದೆ ಅಂಗಡಿಗೆ ಹೋಗಿ ಡಬ್ಬಿ ತಂದು ಮೇಲೆ ಬಳಿದವರ ಟೇಬಲ್‌ಗಳು ನನ್ನ ಶೆಡ್‌ಗೆ ಬಂದಿವೆ. ಎಲ್ಲ ಕೆರೆದು ತೆಗೆಯಬೇಕಾಯಿತು. ಟೇಬಲ್ ಕೆಳಗಡೆ, ಕಾಣದ ಜಾಗದಲ್ಲಿ ಪರೀಕ್ಷೆ ಮಾಡಿ. ಒಂದು ಹನಿ ನೀರು ಇಡಿ, ಐದು ನಿಮಿಷದಲ್ಲಿ ಮರ ಕಪ್ಪಾಗಿ ನೀರು ಹೀರಿಕೊಂಡರೆ ಬರೀ ಎಣ್ಣೆ ಅಥವಾ ಮೇಣ. ನೀರು ನಿಂತರೆ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒತ್ತಿ ಹಿಡಿಯಿರಿ, ಅಂಟಂಟಾದರೆ ಅರಗಿನ ಪಾಲಿಶ್, ಅಂದರೆ ನಮ್ಮ ಹಳೇ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್‌ಗೆ ಮೆತ್ತಗಾದರೆ ಎನ್‌ಸಿ ಲ್ಯಾಕರ್. ಯಾವುದಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್).

ಅರಗು ಮತ್ತು ಎನ್‌ಸಿ, ಎರಡರದ್ದೂ ಒಳ್ಳೆಯ ಗುಣ ಏನೆಂದರೆ ಹೊಸ ಕೋಟ್ ಹಳೆಯದನ್ನು ಕರಗಿಸಿಕೊಂಡು ಒಂದಾಗುತ್ತದೆ. ತೇಪೆ ಹಾಕಬಹುದು. ಮೆಲಮೈನ್, ಪಿಯು ಗಟ್ಟಿ, ಬಿಸಿ ಪಾತ್ರೆ, ನೀರು ತಡೆಯುತ್ತವೆ, ಆದರೆ ಒಂದು ಸಲ ಎದ್ದರೆ ತೇಪೆ ಕಾಣುತ್ತದೆ, ಪೂರ್ತಿ ಮುಖ ತೆಗೆದು ಮಾಡಬೇಕು. ನನ್ನ ಅಭಿಪ್ರಾಯ ಕೇಳಿದರೆ ಮಕ್ಕಳಿರುವ ಮನೆಯ ಊಟದ ಟೇಬಲ್‌ಗೆ ಪಿಯು, ಉಳಿದ ಎಲ್ಲದಕ್ಕೂ ಅರಗು. ಗಾಳಿಯ ತೇವವನ್ನು ನಿಧಾನಿಸುವುದರಲ್ಲಿ ಅರಗಿನ ಪಾಲಿಶ್ ಎಣ್ಣೆ, ಮೇಣಗಳಿಗಿಂತ ಎಷ್ಟೋ ಮೇಲು.

ಬಿಳಿ ಉಂಗುರ. ಬಿಸಿ ಕಾಫಿ ಲೋಟ ಇಟ್ಟ ಜಾಗ. ತೇವ ಪಾಲಿಶ್ ಪದರದಲ್ಲಿ ಸಿಕ್ಕಿಕೊಂಡಿದೆ, ಮರದವರೆಗೆ ಹೋಗಿಲ್ಲ. ಎರಡು ದಿನ ಬಿಟ್ಟರೆ ಕೆಲವು ಸಲ ತಾನೇ ಹೋಗುತ್ತದೆ. ಹೋಗದಿದ್ದರೆ ಹೇರ್ ಡ್ರೈಯರ್ ದೂರ ಹಿಡಿದು ಹದವಾಗಿ ಬಿಸಿ ಕೊಡಿ. ಅರಗಿನ ಪಾಲಿಶ್ ಅಂತ ಖಾತ್ರಿಯಿದ್ದರೆ ಬಟ್ಟೆಗೆ ಸ್ಪಿರಿಟ್ ತಾಗಿಸಿ, ಹಿಂಡಿ, ಒದ್ದೆ ಇದೆಯೋ ಇಲ್ಲವೋ ಅನ್ನುವಷ್ಟು ಮಾಡಿಕೊಂಡು ಒಂದೇ ಸಲ ಬೇಗ ಎಳೆಯಿರಿ, ನಿಲ್ಲಿಸಬೇಡಿ, ನಿಲ್ಲಿಸಿದ ಕಡೆ ಪಾಲಿಶ್ ಕಿತ್ತು ಬರುತ್ತದೆ.

ಕಪ್ಪು ಉಂಗುರ. ಇದು ಬೇರೆ. ನೀರು ಪಾಲಿಶ್ ದಾಟಿ ಮರಕ್ಕೆ ಹೋಗಿದೆ. ತೇಗ, ಮತ್ತಿಯಂಥ ಮರಗಳಲ್ಲಿ ಒಗರಿನ ಅಂಶ ಇದೆ, ಅದಕ್ಕೆ ನೀರು ಮತ್ತು ಕಬ್ಬಿಣ ಸೇರಿದರೆ ಮಸಿ ಆಗುತ್ತದೆ, ಅಕ್ಷರಶಃ ಹಿಂದೆ ಬರೆಯಲು ಮಾಡುತ್ತಿದ್ದ ಕಪ್ಪು ಮಸಿಯ ತರವೇ. ಕಬ್ಬಿಣದ ಮೊಳೆ ಸುತ್ತ ಕಪ್ಪಾಗುವುದೂ ಇದರಿಂದಲೇ, ಅದಕ್ಕೇ ನಾನು ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಕ್ರೂ ಬಿಟ್ಟು ಬೇರೆ ಹಾಕುವುದಿಲ್ಲ. ಕಲೆ ತೆಗೆಯಲು ಆ ಮುಖದ ಪಾಲಿಶ್ ಪೂರ್ತಿ ತೆಗೆದು ಆಕ್ಸಾಲಿಕ್ ಆಸಿಡ್ ಬಿಸಿನೀರಲ್ಲಿ ಕರಗಿಸಿ ಹಚ್ಚಬೇಕು. ಬರೀ ಕಲೆಗೆ ಹಚ್ಚಿದರೆ ಅಲ್ಲಿ ಮಾತ್ರ ಬೆಳ್ಳಗಾಗುತ್ತದೆ, ಇಡೀ ಹಲಗೆಗೆ ಹಚ್ಚಿ. ಇದು ವಿಷ. ಗ್ಲೌಸ್, ಕನ್ನಡಕ ಬೇಕೇ ಬೇಕು, ಮಕ್ಕಳು ಹತ್ತಿರ ಇರಬಾರದು. ಒಣಗಿದ ಮೇಲೆ ಉಳಿದ ಪುಡಿಯನ್ನು ಹಾಗೇ ಉಜ್ಜಬೇಡಿ, ಮೂಗಿಗೆ ಹೋಗುತ್ತದೆ, ಮೊದಲು ಚೆನ್ನಾಗಿ ನೀರಿನಲ್ಲಿ ಒರೆಸಿ ತೆಗೆಯಿರಿ.

ಹೊಸ ಪಾಲಿಶ್ ಮೇಲೆ ಮಂಜು ಕವಿದ ಹಾಗೆ ಬಿಳುಪು. ಮಳೆ ದಿನ ಸ್ಪ್ರೇ ಹೊಡೆದಿದ್ದಾರೆ, ಬೇರೆ ಕಾರಣ ಅಪರೂಪ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಇಬ್ಬನಿಯ ಹಾಗೆ ಕೂರುತ್ತದೆ, ಪದರದಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಸಿಲು ಬಂದ ದಿನ, ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರ್ ತೆಳ್ಳಗೆ ಹೊಡೆದರೆ ಎನ್‌ಸಿಯಲ್ಲಿ ಇದು ಬಿಟ್ಟು ಹೋಗುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಲಿಶ್ ಕೆಲಸ ಒಪ್ಪಿಕೊಳ್ಳದಿರುವುದೇ ಒಳ್ಳೆಯದು. ಗೃಹಪ್ರವೇಶ ಇದೆ ಅಂತ ಒತ್ತಾಯ ಮಾಡುವವರಿಗೆ ನಾನು ಹೇಳುತ್ತೇನೆ, ಟೇಬಲ್ ಕೊಡುತ್ತೇನೆ, ಪಾಲಿಶ್ ಅಕ್ಟೋಬರ್‌ನಲ್ಲಿ ಮನೆಗೇ ಬಂದು ಮಾಡುತ್ತೇನೆ.

ವಾರವಾದರೂ ಅಂಟಂಟು. ಮರ ಯಾವುದು ನೋಡಿ. ಬೀಟೆಯ ಮೇಲೆ ಅಗಸೆ ಎಣ್ಣೆ ಅಥವಾ ಎಣ್ಣೆ ವಾರ್ನಿಷ್ ಹಾಕಿದ್ದರೆ ಅದು ತಿಂಗಳಾದರೂ ಆರದೆ ಇರಬಹುದು, ಬೀಟೆಯ ಒಳಗಿನ ಅಂಶಗಳೇ ಎಣ್ಣೆ ಗಟ್ಟಿಯಾಗುವುದನ್ನು ತಡೆಯುತ್ತವೆ. ಎಲ್ಲ ಒರೆಸಿ ತೆಗೆದು, ಮೊದಲು ತೆಳ್ಳಗೆ ಅರಗಿನ ಎರಡು ಕೋಟ್ ಕೊಡಿ, ಅದರ ಮೇಲೆ ಬೇಕಾದ್ದು ಹಾಕಿ. ಬಟ್ಟೆ ಜೋರಾಗಿ ತಿಕ್ಕಬೇಡಿ, ಬೀಟೆಯ ಬಣ್ಣ ಸ್ಪಿರಿಟ್‌ಗೆ ಬಿಟ್ಟುಕೊಂಡು ಪಕ್ಕದ ತಿಳಿ ಮರಕ್ಕೆ ಹಿಡಿಯುತ್ತದೆ. ಮರ ಬೀಟೆ ಅಲ್ಲ, ಹಾಕಿದ್ದು ಅರಗು, ಆದರೂ ಅಂಟು ಅಂದರೆ ಅರಗು ಹಳೆಯದು. ಸ್ಪಿರಿಟ್‌ನಲ್ಲಿ ಕರಗಿಸಿ ಬಹಳ ತಿಂಗಳು ಇಟ್ಟ ಅರಗು ಆರುವುದಿಲ್ಲ. ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಿ, ಮರುದಿನ ಉಗುರು ಒತ್ತಿದರೆ ಗುರುತು ಬೀಳುತ್ತದಾ? ಬಿದ್ದರೆ ಚೆಲ್ಲಿ, ಹೊಸ ಚಕ್ಕೆ ಕರಗಿಸಿಕೊಳ್ಳಿ.

ಮನೆಯವರೇ ಮಾಡುವ ಒಂದು ತಪ್ಪು ಇದೆ, ಪ್ರೀತಿಯಿಂದಲೇ ಮಾಡುವುದು. ಹಬ್ಬಕ್ಕೆ ತೆಂಗಿನೆಣ್ಣೆ ಹಚ್ಚಿ ಒರೆಸುವುದು. ಅವತ್ತು ಮಿಂಚುತ್ತದೆ. ಆದರೆ ತೆಂಗಿನೆಣ್ಣೆ ಎಂದಿಗೂ ಗಟ್ಟಿಯಾಗುವುದಿಲ್ಲ, ಧೂಳು ಹಿಡಿಯುತ್ತದೆ, ನಾಲ್ಕು ಹಬ್ಬ ಕಳೆದರೆ ಕೈಗೆ ಜಿಡ್ಡು ಹತ್ತುತ್ತದೆ. ಅಗಸೆ ಎಣ್ಣೆ ಗಟ್ಟಿಯಾಗುವ ಎಣ್ಣೆ, ಅದನ್ನು ಹಚ್ಚಬಹುದು. ಹಚ್ಚಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಆರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಲ್ಲಿ ಬಿಸಿ ಹೊರಗೆ ಹೋಗದೆ ತಾನಾಗಿ ಬೆಂಕಿ ಹಿಡಿಯುತ್ತದೆ. ಇದು ಸುಮ್ನೆ ಹೆದರಿಸುವ ಮಾತಲ್ಲ. ಬಟ್ಟೆಯನ್ನು ಹರಡಿ ಹೊರಗೆ ಒಣಗಿಸಿ, ಇಲ್ಲ ನೀರಲ್ಲಿ ಮುಳುಗಿಸಿ.

ಪುಡಿ ಉದುರುತ್ತಿದೆ

ಪುಡಿಯನ್ನು ಬೆರಳಿನಲ್ಲಿ ತಿಕ್ಕಿ. ಟಾಲ್ಕಂ ಪೌಡರ್ ತರ ನುಣುಪಾಗಿದ್ದು, ಮರದಲ್ಲಿ ಗುಂಡುಸೂಜಿ ತಲೆಯಷ್ಟು, 1 ರಿಂದ 2 ಮಿ.ಮೀ. ತೂತುಗಳಿದ್ದರೆ ಅದು ಮರ ಕೊರೆಯುವ ಸಣ್ಣ ದುಂಬಿಯ ಮರಿಹುಳುಗಳ ಕೆಲಸ. ಮಣ್ಣಿನ ಗೆರೆ, ಮಣ್ಣಿನ ಕೊಳವೆ ಕಂಡರೆ ಗೆದ್ದಲು. ಎರಡಕ್ಕೂ ಮದ್ದು ಬೇರೆ, ಗುರುತಿಸದೆ ಹೊಡೆದರೆ ದುಡ್ಡು ದಂಡ.

ದುಂಬಿ ತಿನ್ನುವುದು ಮರದ ಹೊರಗಿನ ಬಿಳಿ ಭಾಗವನ್ನು, ಅಲ್ಲಿ ಪಿಷ್ಟ ಇರುತ್ತದೆ. ಚೇಗಿಗೆ, ಅಂದರೆ ಒಳಗಿನ ಗಟ್ಟಿ ತಿರುಳಿಗೆ, ಬಾಯಿ ಹಾಕುವುದಿಲ್ಲ. ಹಾಗಾಗಿ ತೇಗದ ಮಂಚಕ್ಕೆ ಹುಳ ಬಿತ್ತು ಅಂದರೆ ಬಡಗಿ ಬಿಳಿ ಭಾಗ ಸೇರಿಸಿ, ಬಣ್ಣ ಹಾಕಿ ಮುಚ್ಚಿದ್ದಾನೆ ಅಂತಲೇ ಹೆಚ್ಚಿನ ಸಲ. ಹುಳ ಇನ್ನೂ ಒಳಗಿದೆಯಾ ತಿಳಿಯಲು ತೂತುಗಳನ್ನು ಬ್ರಷ್‌ನಲ್ಲಿ ಚೊಕ್ಕ ಮಾಡಿ, ಕೆಳಗೆ ಕಪ್ಪು ಕಾಗದ ಹಾಸಿ, ಹದಿನೈದು ದಿನ ಬಿಡಿ. ಹೊಸ ಪುಡಿ ಬಿದ್ದರೆ ಇದೆ. ಆಗ ಮರದ ಹುಳಕ್ಕೆ ಅಂತಲೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ದ್ರಾವಣವನ್ನು ಸಿರಿಂಜ್‌ನಲ್ಲಿ ಪ್ರತಿ ತೂತಿಗೂ ಬಿಟ್ಟು ಮೇಣದಲ್ಲಿ ಮುಚ್ಚಿ. ಪಾಲಿಶ್ ಇಲ್ಲದ ಹಿಂಭಾಗ, ಡ್ರಾಯರ್ ಒಳಗೆ, ಮಂಚದ ಪಟ್ಟಿ, ಇಲ್ಲೇ ಅದು ಮೊಟ್ಟೆ ಇಡುವುದು, ಯಾಕಂದರೆ ಪಾಲಿಶ್ ಆದ ಮರದ ರಂಧ್ರ ಮುಚ್ಚಿರುತ್ತದೆ. ಹೊಸ ಹಲಗೆಗೆ ನಾನು ಒಂದು ಲೀಟರ್ ನೀರಿಗೆ 30 ಗ್ರಾಂ ಬೋರಾಕ್ಸ್, 20 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಎರಡು ಸಲ ಬಳಿಯುತ್ತೇನೆ. ಸಿಲ್ವರ್ ಓಕ್, ಮಾವು ಹಾಕಿ ಮಾಡಿಸುವವರು ಇದನ್ನು ಬಿಡಲೇಬಾರದು.

ಬೂಷ್ಟು

ಗೋಡೆಗೆ ಅಂಟಿಸಿಟ್ಟ ಬೀರುವಿನ ಬೆನ್ನಿಗೆ ಬೂಷ್ಟು ಬರುವುದು ಮರದ ತಪ್ಪಲ್ಲ. ಗೋಡೆಯಿಂದ ನಾಲ್ಕು ಇಂಚು ಮುಂದೆ ಎಳೆಯಿರಿ. ಒಣ ಬಟ್ಟೆಯಲ್ಲಿ ಹೊರಗೆ ಒರೆಸಿ, ಆಮೇಲೆ ಸ್ಪಿರಿಟ್ ಅಥವಾ ವಿನೆಗರ್ ನೀರು. ಸ್ಪಿರಿಟ್ ಅರಗಿನ ಪಾಲಿಶ್ ಕರಗಿಸುತ್ತದೆ ಅನ್ನುವುದು ನೆನಪಿರಲಿ. ಹಸಿ, ಅಂದರೆ ಕುದಿಸದ, ಅಗಸೆ ಎಣ್ಣೆ ಹಚ್ಚಿದ ಮರಕ್ಕೆ ಬೂಷ್ಟು ಜಾಸ್ತಿ, ಅದಕ್ಕೆ ಅದೇ ಆಹಾರ.

ಅಲ್ಲಾಡುವ ಕುರ್ಚಿ

ಮೊಳೆ ಹೊಡೆಯಬೇಡಿ. ಜಾಯಿಂಟ್‌ನ ತೂತಿನೊಳಗೆ ಕೂರುವ ಮರದ ನಾಲಿಗೆ ಸೀಳಿದರೆ ಮುಂದೆ ಯಾರಿಗೂ ರಿಪೇರಿ ಮಾಡಲಾಗುವುದಿಲ್ಲ. ಸಂದಿಗೆ ಹೊಸ ಅಂಟು ಹಿಂಡುವುದೂ ಕೆಲಸಕ್ಕೆ ಬರುವುದಿಲ್ಲ, ಬಿಳಿ ಅಂಟು ತನ್ನದೇ ಹಳೇ ಪದರಕ್ಕೆ ಹಿಡಿಯುವುದಿಲ್ಲ. ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಜಾಯಿಂಟ್ ಪೂರ್ತಿ ಬಿಚ್ಚಿ, ಹಳೇ ಅಂಟು ಕೆರೆದು ಮರ ಕಾಣುವಂತೆ ಮಾಡಿ, ಸಡಿಲ ಇದ್ದರೆ ಅದೇ ಮರದ ತೆಳು ಚಕ್ಕೆ ಅಂಟಿಸಿ ದಪ್ಪ ಮಾಡಿ, ಆಮೇಲೆ ಜೋಡಿಸಿ. ಕಾಲಿನ ಬುಡ ಕಪ್ಪಾಗಿದೆಯಾ ನೋಡಿ. ದಿನವೂ ನೆಲ ಒರೆಸುವ ನೀರನ್ನು ಕಾಲಿನ ತುದಿ ಸ್ಪಂಜಿನ ಹಾಗೆ ಹೀರುತ್ತದೆ. ತುದಿಗೆ ಎಪಾಕ್ಸಿ ಹಚ್ಚಿ, ಬುಷ್ ಹಾಕಿ.

ಮುಂದಿನ ಸಲ ಮಾಡಿಸುವಾಗ

ಯಾವ ಮರ ಅಂತ ಎಲ್ಲರೂ ಕೇಳುತ್ತಾರೆ, ಎಷ್ಟು ಒಣಗಿದೆ ಅಂತ ಯಾರೂ ಕೇಳುವುದಿಲ್ಲ. ಕಾಫಿ ಕಣದಲ್ಲಿ ಬೀಜವನ್ನು ಹತ್ತು, ಹನ್ನೊಂದಕ್ಕೆ ಇಳಿಯುವವರೆಗೆ ಮೀಟರ್ ಹಿಡಿದು ಕಾಯುವ ಊರು ನಮ್ಮದು, ಒಂದು ಅಂಕಿ ಜಾಸ್ತಿ ಇದ್ದರೆ ಮೂಟೆ ಕಟ್ಟುವುದಿಲ್ಲ. ಅದೇ ಮನೆಯವರು ಮೊನ್ನೆ ಕೊಯ್ದ ಹಲಗೆ ಕೊಟ್ಟು "ಯುಗಾದಿಗೆ ಟೇಬಲ್ ಬೇಕು" ಅನ್ನುತ್ತಾರೆ. ಕಾಫಿ ಮೀಟರ್ ಮರಕ್ಕೆ ಆಗುವುದಿಲ್ಲ, ಮರದ್ದು ಬೇರೆಯೇ ಸಿಗುತ್ತದೆ. ಅದೂ ಇಲ್ಲ ಅಂದರೆ ಹಲಗೆಯ ತುದಿಯಿಂದ ಒಂದಡಿ ಒಳಗೆ ಒಂದು ತುಂಡು ಕೊಯ್ದು ತೂಗಿ. ಓವನ್‌ನಲ್ಲಿ 100 ಡಿಗ್ರಿ ಆಸುಪಾಸು ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. 230 ಗ್ರಾಂ ಇದ್ದದ್ದು 200 ಆದರೆ, ಹೋದದ್ದು 30, ಒಣ ತೂಕ 200, ತೇವಾಂಶ ಶೇಕಡ 15. ಬೆಂಗಳೂರಿಗೋ ಕಡೂರಿಗೋ ಹೋಗುವ ಟೇಬಲ್‌ಗೆ 10 ರಿಂದ 12 ಇರಬೇಕು. ನೆರಳಲ್ಲಿ, ನಡುವೆ ಪಟ್ಟಿ ಕೊಟ್ಟು ಪೇರಿಸಿದ ಹಲಗೆಗೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೇ ಲೆಕ್ಕ.

ಮರದ ವಿಷಯಕ್ಕೆ ಬಂದರೆ ತೇಗ ಕಡಿಮೆ ಚಲಿಸುತ್ತದೆ, ಅದರ ಬೆಲೆಗೆ ಅದೂ ಒಂದು ಕಾರಣ. ಹೊನ್ನೆ ಗಟ್ಟಿ, ಬಾಳಿಕೆ ಬರುತ್ತದೆ, ಒದ್ದೆಯಾದರೆ ಹಳದಿ ಬಣ್ಣ ಬಿಡುತ್ತದೆ, ಹಾಗಾಗಿ ಪಾಲಿಶ್ ಇಲ್ಲದೆ ಬಟ್ಟೆ ಇಡುವ ಬೀರುವಿಗೆ ಬೇಡ. ಮತ್ತಿ ಒಣಗುವಾಗ ಸೀಳುವ, ತಿರುಚುವ ಮರ, ತಾಳ್ಮೆ ಇದ್ದವರಿಗೆ ಮಾತ್ರ. ನಂದಿ ಕುರ್ಚಿಗೆ ಒಳ್ಳೆಯದು. ಸಿಲ್ವರ್ ಓಕ್ ತೋಟದಲ್ಲೇ ಸಿಗುತ್ತದೆ, ಅದರ ಮಚ್ಚೆ ಚೆಂದ, ಆದರೆ ಅಗಲ ಹಲಗೆ ಬಾಗುತ್ತದೆ, ಕಿರಿದು ಪಟ್ಟಿ ಮಾಡಿ ಜೋಡಿಸಿ. ನನಗೆ ಹಲಸು ಅಂದರೆ ತುಂಬಾ ಇಷ್ಟ. ಅದರ ಚೇಗಿಗೆ ಗೆದ್ದಲು ಸುಲಭಕ್ಕೆ ಬರುವುದಿಲ್ಲ, ಹಳದಿ ಬಣ್ಣ ಬೆಳಕಿಗೆ ವರ್ಷ ಕಳೆದ ಹಾಗೆ ಕಂದಾಗುತ್ತದೆ. ಹೊಸದರಲ್ಲಿ ಅದರ ಮೇಲೆ ಟೇಬಲ್ ಕ್ಲಾತ್ ಅರ್ಧ ಹಾಸಿ ಬಿಡಬೇಡಿ, ಬಿಸಿಲು ಬಿದ್ದ ಅರ್ಧ, ಮುಚ್ಚಿದ ಅರ್ಧ ಎರಡು ಬಣ್ಣ ಆಗುತ್ತದೆ. ಬೀಟೆ, ತೇಗ ನಿಮ್ಮ ತೋಟದ್ದೇ ಆದರೂ 1976 ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಡಲಿ ಹಾಕಬೇಡಿ. ಬೀಟೆ ಬೇಕೇ ಬೇಕು ಅಂದರೆ ಕೆಡವುವ ಹಳೇ ಮನೆಯ ಮರ ಹುಡುಕುವುದು ಮೇಲು.

ಕಡೂರಿನ ಟೇಬಲ್ ವಾಪಸ್ ಜೋಡಿಸಿದ ದಿನ, ಹಲಗೆಯ ಅಡಿಯಲ್ಲಿ, ಚೌಕಟ್ಟಿನ ಹೊರ ಅಂಚು ಬರುವ ಕಡೆ ಎರಡೂ ಬದಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ "ಮಾರ್ಚ್" ಅಂತ ಬರೆದಿದ್ದೆ. ಆಗಸ್ಟ್‌ನಲ್ಲಿ ಆ ಕಡೆ ಹೋದಾಗ ಮತ್ತೆ ಕೆಳಗೆ ಮಲಗಿ ಗೆರೆ ಎಳೆದೆ. ಎರಡು ಗೆರೆಗಳ ನಡುವೆ ಒಂದೊಂದು ಬದಿಗೆ 3 ಮಿ.ಮೀ. ನಾನು ಕೊರೆದ ಉದ್ದ ತೂತಿನಲ್ಲಿ ಸ್ಕ್ರೂ ಅಷ್ಟೇ ದೂರ ಸರಿದು ಕೂತಿತ್ತು. ಅಮ್ಮ ಬಗ್ಗಿ ನೋಡಿ, "ಬೇಸಿಗೇಲಿ ಮತ್ತೆ ಹಳೇ ಗೆರೆಗೆ ಬರುತ್ತಾ ಆಚಾರ್ರೇ?" ಅಂದರು. ಮುಂದಿನ ಮಾರ್ಚ್‌ನಲ್ಲಿ ಅವರೇ ಫೋಟೋ ಕಳಿಸಿದರು. ಬಂದಿತ್ತು.